ಪಾಠಶಾಲೆಯ ಸಂಗೀತ ನಾಟಕವೂ ಭಕ್ತರ ಕಾಣಿಕೆಯೂ

ಶ್ರೀಮಠದ ಈ ಮಹೋತ್ಸವದ ವರ್ಷದಲ್ಲಿ ಪಾಠಶಾಲೆಯ ವಿದ್ಯಾರ್ಥಿಗಳಿಂದ ಒಂದು ಸಂಗೀತ ನಾಟಕವನ್ನು ಆಡಿಸಬೇಕೆಂದೂ, ಅದರ ವೆಚ್ಚವನ್ನು ಭಕ್ತರ ಕಾಣಿಕೆಯಿಂದಲೇ ತುಂಬಬೇಕೆಂದೂ ಮಾತು ಹೊರಟಾಗ ಹಿರಿಯರಲ್ಲಿ ಕೆಲವರು ಆಕ್ಷೇಪಿಸಿದುದುಂಟು. ದಾಸೋಹಕ್ಕೆ ಸಲ್ಲತಕ್ಕ ಹಣವನ್ನು ಬಣ್ಣಕ್ಕೂ ಪರದೆಗೂ ಸುರಿಯಬಹುದೆ ಎಂಬುದು ಅವರ ಪ್ರಶ್ನೆ. ಇದು ಹಗುರವಾಗಿ ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ಆದುದರಿಂದ ನಮ್ಮ ಸಮಾಜದ ಪೂರ್ವವೃತ್ತಾಂತವನ್ನೇ ಮುಂದಿಟ್ಟುಕೊಂಡು ವಿಚಾರಮಾಡುವುದು ಯುಕ್ತವಾಗಿದೆ.

ವೇಷವೂ ವಿನೋದವೂ ಶರಣರಿಗೆ ಹೊರಗಿನವಲ್ಲ. 12ನೆಯ ಶತಮಾನದ ಗಣಸಮೂಹದಲ್ಲಿ ಬಹುರೂಪದ ಕಾಯಕದ ಚೌಡಯ್ಯನಿದ್ದನು. ಜನರನ್ನು ನಗಿಸುವುದನ್ನೇ ಕಾಯಕವಾಗಿ ಕೈಕೊಂಡ ನಗೆಯ ಮಾರಿತಂದೆಯಿದ್ದನು. ಕಾಯಕವಾದ ಮೇಲೆ ಅದರ ಫಲವು ದಾಸೋಹಕ್ಕೆ ಸಲ್ಲುವುದರಲ್ಲಿ ಸಂದೇಹವೇನು?

ನಾಟಕವನ್ನು ಪೋಷಿಸಿದವರು ಕೆಲವೆಡೆ ಅರಸರು, ಕೆಲವೆಡೆ ಜನರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ನಾಟಕಕ್ಕೆ ಅರಮನೆಯ ಆಶ್ರಯವನ್ನಿತ್ತರು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದುದು ಆ ಆಶ್ರಯದಲ್ಲಿಯೇ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿಯಾದರೋ ಊರಿನ ಚನ್ನಬಸವೇಶ್ವರನ ಹೆಸರನ್ನು ಹೊತ್ತು, ನೋಡಬಂದವರ ಕಾಸಿನಿಂದ ಬಾಳಿತು. ಇಂಥ ಮಂಡಳಿಗಳು ತಮ್ಮನ್ನು 'ಕೃಪಾಪೋಷಿತ'ವೆಂದು ಕರೆದುಕೊಂಡುದು ಅರ್ಥವತ್ತಾಗಿದೆ. ಕೃಪೆ ದೇವರದು, ಪೋಷಣೆ ಜನರದು ಎಂದು ನಾನು ಬಿಡಿಸಿ ಓದುತ್ತೇನೆ. ವ್ಯಾಕರಣವು ಇದಕ್ಕೆ ಒಪ್ಪದಿದ್ದರೂ ಚರಿತ್ರೆ ಒಪ್ಪುತ್ತದೆ.

ಆದರೆ ಪಾಠಶಾಲೆಗೂ ನಾಟಕಕ್ಕೂ ಇರುವ ನಂಟನ್ನು ಅರಿಯಬೇಕಾದರೆ ಗದುಗಿನ ಕಡೆಗೆ ನೋಡಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ಹುಟ್ಟಿನಿಂದಲೂ ಕಣ್ಣಿರಲಿಲ್ಲ, ಒಡಹುಟ್ಟಿದವನಿಗೂ ಇರಲಿಲ್ಲ. ಇವರ ಕಂಠವನ್ನು ಕೇಳಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾನುಭಾವರೇ, ಇವರನ್ನು ಕೈಹಿಡಿದು ಸಂಗೀತವಿದ್ಯೆಗೆ ಹಚ್ಚಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳೆಂದು ನಾಡಿನಲ್ಲಿ ಖ್ಯಾತಿವೆತ್ತನು. ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಿಂದ ಹಿಂದುಸ್ತಾನಿಯನ್ನೂ ಕಲಿತ ಗವಾಯಿಗಳು ಅಂಧರೂ ಅನಾಥರೂ ಬಡವರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಪಾಠಶಾಲೆಗೆ ಗೋಡೆಗಳಿರಲಿಲ್ಲ. ಭಕ್ತರು ನೀಡಿದ ಜೋಳವೇ ಅದರ ಉಗ್ರಾಣ. ಕೊನೆಗೆ ಅದು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಇವರೂ ಅಂಧರೇ. ಪುಟ್ಟರಾಜರು ನಾಟಕಗಳನ್ನು ರಚಿಸಿದರು, ರಾಗ ಹಾಕಿದರು, ಗುರುಗಳ ಹೆಸರಿನ ನಾಟ್ಯಸಂಘದಿಂದ ಆಡಿಸಿದರು. ಬನಶಂಕರಿಯೇ ಮೊದಲಾದ ಜಾತ್ರೆಗಳಲ್ಲಿ ಡೇರೆ ಹೊಡೆದು ನಾಟಕವಾಡಿದರೆ ಬಂದ ಉತ್ಪನ್ನವು ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸಂದಿತು. ಇಲ್ಲಿ ನಾಟಕವು ದಾಸೋಹವನ್ನು ತಿಂದುಹಾಕಲಿಲ್ಲ, ದಾಸೋಹವನ್ನು ನಡೆಸಿತು. ಆಕ್ಷೇಪಿಸುವ ಹಿರಿಯರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ನನ್ನ ವಿಜ್ಞಾಪನೆ.

ಪಂಚಾಕ್ಷರ ಗವಾಯಿಗಳ ಬಳಿ ಕಲಿತವರಲ್ಲಿ ಬಸವರಾಜ ರಾಜಗುರುಗಳೂ ಒಬ್ಬರು. 1936ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಈ ಶಿಷ್ಯನು ಹಾಡಿದಾಗ ತಬಲ ನುಡಿಸಿದವರು ಸಾಕ್ಷಾತ್ ಗುರುಗಳೇ. ಶುಲ್ಕ ತೆರುವ ಶಕ್ತಿಯುಳ್ಳವರಿಗೆ ಮಾತ್ರ ವಿದ್ಯೆಯೆಂದಿದ್ದರೆ ಆ ಆಶ್ರಮದಲ್ಲಿ ಎಷ್ಟು ಕಂಠಗಳು ಉಳಿಯುತ್ತಿದ್ದವು?

ಈ ಮಾತನ್ನು ನಮ್ಮ ಸೀಮೆಗೆ ತಂದು ನೋಡೋಣ. ಅಂಬಾಜಿದುರ್ಗದ ಬುಡದ ಹಳ್ಳಿಗಳವರು ಹಾಡಿಗೆ ಕಿವಿಗೊಡದವರಲ್ಲ. ಕೈವಾರದ ನಾರೇಯಣ ಯತಿಗಳ ಕೀರ್ತನೆಗಳನ್ನು ಕನ್ನಡ ತೆಲುಗುಗಳೆರಡರಲ್ಲಿಯೂ ಕೇಳಿ ಬೆಳೆದವರು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವ ಕ್ರಮವನ್ನೂ ಎಲ್ಲರೂ ಬಲ್ಲರು. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ, ಉಡುಪಿನ ಬಾಡಿಗೆ ಇವೆಲ್ಲವನ್ನೂ ಪಾತ್ರಧಾರಿಗಳೇ ಹಂಚಿಕೊಂಡು ತೆರುವುದುಂಟು. ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಮೆ. ವಯಸ್ಕರ ವಿನೋದಕ್ಕೆ ಇದು ಸಲ್ಲಲಿ. ಇದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಪಾಠಶಾಲೆಯಲ್ಲಿ ಇದೇ ಕ್ರಮ ನಡೆದರೆ ಸಾಹುಕಾರನ ಮಗನು ಅಪಸ್ವರದ ಬಸವಣ್ಣನಾಗುವನು. ಶ್ರುತಿಶುದ್ಧವಾದ ಕಂಠವುಳ್ಳ ಕೂಲಿಯವನ ಮಗನು ಪರದೆಯ ಹಗ್ಗ ಎಳೆಯುವನು. ಎಲ್ಲರ ಹಣವಾದರೆ ಪಾತ್ರವನ್ನು ಕೊಂಡವನೆಂಬವನೇ ಇರುವುದಿಲ್ಲ. ಕಂಠವಿದ್ದವನಿಗೆ ಹಾಡು ಸಲ್ಲುವುದು. ಸಮುದಾಯದ ಕಾಣಿಕೆಯ ಮುಖ್ಯ ಪ್ರಯೋಜನವು ಇದೇ ಎಂದು ನಾನು ತಿಳಿದಿದ್ದೇನೆ.

ಮಠಗಳು ಈ ದಾರಿಯನ್ನು ಬಿಟ್ಟಿಲ್ಲ. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914–1992) ತಾವೇ 'ಮರಣವೇ ಮಹಾನವಮಿ' ಮೊದಲಾದ ನಾಟಕಗಳನ್ನು ರಚಿಸಿದರು. ಅದರ ಶಾಖಾಮಠವಾದ ಸಾಣೇಹಳ್ಳಿಯಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವು ಹುಟ್ಟಿತು. 1997ರಿಂದ 'ಶಿವಸಂಚಾರ'ವು ನಾಡನ್ನು ಸುತ್ತತೊಡಗಿತು. 2008ರಲ್ಲಿ ರಂಗಶಿಕ್ಷಣದ ಶಾಲೆಯೇ ತೆರೆಯಿತು.

ನಮ್ಮ ನಾಟಕಕ್ಕಾದರೆ ಸಾಣೇಹಳ್ಳಿಯಷ್ಟು ಏರ್ಪಾಡು ಬೇಕಾಗಿಲ್ಲ. ಹಣವಿಲ್ಲದವರು ರಾಗಿಯನ್ನೋ ಒಂದು ಹಳೆಯ ರೇಷ್ಮೆಸೀರೆಯನ್ನೋ ಕೊಟ್ಟರೂ ಪಟ್ಟಿಯಲ್ಲಿ ಹೆಸರು ಬರೆಯತಕ್ಕದ್ದು. ಪಾತ್ರಗಳನ್ನು ಸಂಗೀತದ ಉಪಾಧ್ಯಾಯರು ಕಾಣಿಕೆಯ ಪಟ್ಟಿಯನ್ನು ನೋಡದೆ ಮೊದಲೇ ನಿರ್ಣಯಿಸತಕ್ಕದ್ದು. ಉಳಿಕೆಯಾದುದು ದಾಸೋಹದ ಉಗ್ರಾಣಕ್ಕೆ ಹೋಗಲಿ. ಅದರ ಲೆಕ್ಕವನ್ನು ನಾಟಕದ ರಾತ್ರಿಯೇ, ಮಂಗಳದ ಪದಕ್ಕೆ ಮೊದಲು, ಆಕ್ಷೇಪಿಸಿದ ಹಿರಿಯರಲ್ಲೊಬ್ಬರು ರಂಗದ ಮೇಲೆ ನಿಂತು ಓದಲಿ.