ಬಸ್ರೂರು

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನಲ್ಲಿ, ವಾರಾಹಿ ನದಿಯ ದಂಡೆಯಲ್ಲಿರುವ ಹಳೆಯ ಬಂದರು ಪಟ್ಟಣ. ಪೋರ್ಚುಗೀಸರ ಬರಹಗಳಲ್ಲಿ ಬಾರ್ಸೆಲೋರ್. ಕಡಲಿನಿಂದ ತುಸು ಒಳಗಿದ್ದರೂ ಹೊಳೆಯ ದಾರಿಯಲ್ಲಿ ಸರಕು ಸಾಗುತ್ತಿತ್ತು. ವಿಜಯನಗರದ ಕಾಲದಲ್ಲಿ ಮುಖ್ಯ ರಫ್ತು ಅಕ್ಕಿ. ಊರಿನ ರಚನೆ ತಿಳಿಯಲು ಕೇರಿಗಳ ಹೆಸರೇ ಸಾಕು. ಶಾಸನಗಳಲ್ಲಿ ಬರುವ ಮೂಡುಕೇರಿ, ಪಡುವಕೇರಿಗಳು ದಿಕ್ಕಿನಿಂದ ಹೆಸರು ಪಡೆದವು. ಮಂಡಿಬಾಗಿಲು ಎಂಬಲ್ಲಿ ವ್ಯಾಪಾರದ ಗುರುತು ಇನ್ನೂ ಉಳಿದಿದೆ. ವರ್ತಕ ಸಂಘಗಳಾದ ನಖರ, ಹಂಜಮಾನಗಳ ಉಲ್ಲೇಖವೂ ಶಾಸನಗಳಲ್ಲಿದೆ. ಮಹಾಲಿಂಗೇಶ್ವರ ದೇವಾಲಯ ಊರಿನ ಪ್ರಮುಖ ಗುಡಿ. 1569ರಲ್ಲಿ ಪೋರ್ಚುಗೀಸರು ಇಲ್ಲಿ ನೆಲೆಯೂರಿದರು. 17ನೇ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರದಬ್ಬಿದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಪಟ್ಟಣವನ್ನು ಸೂರೆಮಾಡಿದ. ಲೂಟಿಗೆ ಇಷ್ಟು ದೂರ ಬಂದದ್ದೇ ಊರಿನ ಸಿರಿಗೆ ಸಾಕ್ಷಿ. ಮುಂದೆ ವ್ಯಾಪಾರ ಕುಂದಾಪುರದತ್ತ ಸರಿಯಿತು. ಇಂದು ಬಸ್ರೂರು ಒಂದು ಗ್ರಾಮ.