ಯೆಹೂದಿ ಸ್ತ್ರೀಯರ ಮೈಯಾರೈಕೆ ಮತ್ತು ಹಬ್ಬಗಳು

ಯೆಹೂದಿ ಧರ್ಮದಲ್ಲಿ ಸ್ನಾನ, ಎಣ್ಣೆ, ಲೇಪನಗಳು ಪಂಚಾಂಗಕ್ಕೆ ಒಳಪಟ್ಟ ವಿಷಯಗಳು. ಮೈಗೆ ಯಾವ ದಿನ ಏನು ಹಚ್ಚಬಹುದು, ಯಾವ ದಿನ ಕೂಡದು ಎಂಬುದನ್ನು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಧರ್ಮಶಾಸ್ತ್ರ ಗ್ರಂಥ ಮಿಶ್ನಾ, ಅದರ ಮೇಲಿನ ಚರ್ಚೆಯಾದ ತಾಲ್ಮುದ್ ಎರಡೂ ವಿವರಿಸುತ್ತವೆ. ಅವುಗಳಲ್ಲಿ ವಾದ ಮಾಡಿದ ರಬ್ಬಿಗಳು, ಎಂದರೆ ಧರ್ಮಪಂಡಿತರು, ಎಲ್ಲ ಗಂಡಸರು. ಆದರೂ ಅಂದಿನ ಹೆಂಗಸರ ಅಲಂಕಾರದ ಪೆಟ್ಟಿಗೆಯಲ್ಲಿ ಏನೇನಿತ್ತೆಂದು ತಿಳಿಯುವುದು ಅವರ ಜಗಳದಿಂದಲೇ.

ಪಾಸೋವರ್ ಹಬ್ಬದಲ್ಲಿ ಹುಳಿಬಂದ ಧಾನ್ಯದ ಪದಾರ್ಥ ಮನೆಯಲ್ಲಿರಬಾರದು. ಆ ಪಟ್ಟಿಗೆ ರಬ್ಬಿ ಎಲಿಯೇಜರ್ ಹೆಂಗಸರ ಅಂಗರಾಗವನ್ನೂ ಸೇರಿಸಿದ. ಕಾರಣ ತಾಲ್ಮುದಿನಲ್ಲಿದೆ: ಮೈಮೇಲಿನ ಕೂದಲು ತೆಗೆಯಲು ಬಡವರ ಹೆಣ್ಣುಮಕ್ಕಳು ಸುಣ್ಣ ಹಚ್ಚಿದರೆ, ಉಳ್ಳವರ ಮಕ್ಕಳು ನುಣ್ಣನೆಯ ಹಿಟ್ಟನ್ನೂ ರಾಜಕುಮಾರಿಯರು ರಕ್ತಬೋಳದ ಎಣ್ಣೆಯನ್ನೂ ಬಳಸುತ್ತಿದ್ದರು. ಪೂರಿಮ್ ಹಬ್ಬದ ನಾಯಕಿ ಎಸ್ತೇರಳ ಕಥೆಯಲ್ಲಿ ಅರಸನೆದುರು ಹೋಗುವ ಕನ್ಯೆಯರಿಗೆ ಆರು ತಿಂಗಳು ಆರೈಕೆ ನಡೆಯುವುದೂ ಇದೇ ಎಣ್ಣೆಯಿಂದ. ಇನ್ನಾರು ತಿಂಗಳು ಸುಗಂಧದ್ರವ್ಯಗಳಿಂದ. ಪಾಸೋವರಿನಂಥ ಹಬ್ಬಗಳ ನಡುವಣ ದಿನಗಳಲ್ಲಿ ಸುಣ್ಣ ಬೇಡವೆಂದವನು ರಬ್ಬಿ ಯೆಹೂದಾ. ಹಚ್ಚಿದಷ್ಟು ಹೊತ್ತು ರೂಪ ಕೆಡುತ್ತದೆಂಬುದು ಅವನ ಆಕ್ಷೇಪ. ಹುಳಿಯ ನಿಷೇಧ ಗೋದಿ, ಜವೆಯಂಥ ಐದು ಧಾನ್ಯಗಳಿಗೆ ಮಾತ್ರ ಅನ್ವಯಿಸುವುದರಿಂದ, ತಮಿಳುನಾಡಿನ ಮನೆಮನೆಯಲ್ಲೂ ಮೈಗೆ ತಿಕ್ಕುವ ಕಡಲೆಹಿಟ್ಟು, ಹೆಸರುಹಿಟ್ಟು ಪಾಸೋವರಿನಲ್ಲೂ ನಡೆಯುತ್ತವೆ.

ಯೋಮ್ ಕಿಪ್ಪೂರ್ ಉಪವಾಸ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಚೆನ್ನೈಯಲ್ಲಿ ಹಿಂಗಾರು ಇನ್ನೂ ಹಿಡಿದಿರದ, ಬೆವರು ಇಳಿಯುವ ಕಾಲ ಅದು. ಅನ್ನನೀರಿನ ಜೊತೆಗೆ ಸ್ನಾನ, ಎಣ್ಣೆ, ಚರ್ಮದ ಚಪ್ಪಲಿ, ದಾಂಪತ್ಯ ಎಲ್ಲವೂ ಆ ದಿನ ವರ್ಜ್ಯ. ಹೊಸ ಮದುವಣಗಿತ್ತಿ ಮುಖ ತೊಳೆದುಕೊಳ್ಳಬಹುದೇ ಎಂಬುದಕ್ಕೂ ವಾದ ನಡೆದಿದೆ. ಎಲಿಯೇಜರ್ ಆಗಬಹುದೆಂದ, ಉಳಿದ ಪಂಡಿತರು ಒಪ್ಪಲಿಲ್ಲ. ಕೆಲವೇ ವಾರಗಳಲ್ಲಿ ನೆರೆಯ ಹಿಂದೂ ಮನೆಗಳಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ. ಒಂದೇ ಋತುವಿನಲ್ಲಿ ಒಬ್ಬರಿಗೆ ಎಣ್ಣೆ ಹಬ್ಬದ ಆರಂಭ, ಇನ್ನೊಬ್ಬರಿಗೆ ದೂರವಿಡಬೇಕಾದ ಭೋಗ.

ಚೆನ್ನೈಗೆ, ಆಗಿನ ಮದರಾಸಿಗೆ, ಯೆಹೂದಿಗಳು ಬಂದದ್ದು 17ನೆಯ ಶತಮಾನದ ಉತ್ತರಾರ್ಧದಲ್ಲಿ. ಪೋರ್ಚುಗೀಸ್ ಮೂಲದ ಈ ವರ್ತಕರು ಹವಳ, ಬೆಳ್ಳಿ ತಂದು ಗೋಲ್ಕೊಂಡದ ವಜ್ರ ಒಯ್ಯುತ್ತಿದ್ದರು. ಅವರಲ್ಲೊಬ್ಬನಾದ ಜಾಕ್ ಡಿ ಪೈವಾ 1687ರಲ್ಲಿ ತೀರಿಕೊಂಡ. ಅವನ ವಿಧವೆ ಹಿಯೆರೋನಿಮಾ ಮದರಾಸಿನ ಗವರ್ನರ್ ಎಲಿಹು ಯೇಲ್‌ನ ಸಂಗಾತಿಯಾಗಿ ಊರ ತುಂಬ ಸುದ್ದಿಯಾದಳು. ಜಾರ್ಜ್ ಟೌನಿನ ಕೋರಲ್ ಮರ್ಚಂಟ್ ಸ್ಟ್ರೀಟ್ ಹವಳದ ವ್ಯಾಪಾರಿಗಳ ಹೆಸರನ್ನು ಇಂದಿಗೂ ಹೊತ್ತಿದೆ; ಸಮುದಾಯದ ಗೋರಿಕಲ್ಲುಗಳು ಲಾಯ್ಡ್ಸ್ ರಸ್ತೆಯಲ್ಲಿವೆ.

ಭಾರತದ ಯೆಹೂದಿಗಳಲ್ಲಿ ಎಣ್ಣೆಯ ಜೊತೆ ಗಾಢ ನಂಟಿದ್ದವರು ಕೊಂಕಣ ತೀರದ ಬೆನೆ ಇಸ್ರೇಲರು. ಗಾಣವೇ ಅವರ ಕಸುಬಾಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ‘ಶನಿವಾರ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಗಟ್ಟಿ ಕ್ರೀಮನ್ನು ಸವರಿ ಹರಡುವುದು ನಿಷಿದ್ಧ, ತೆಳ್ಳನೆಯ ಎಣ್ಣೆಗೆ ಅಡ್ಡಿಯಿಲ್ಲ. ಹಾಗಾಗಿ ಆ ದಿನ ಅಂಗಡಿಯ ಡಬ್ಬಿಗಿಂತ ಗಾಣದ ಎಣ್ಣೆಯೇ ಅನುಕೂಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚೆನ್ನೈಯಲ್ಲಿ ಮಾರ್ಗಳಿ ತಿಂಗಳ ತಂಪು ಬೆಳಗುಗಳನ್ನು ಬಿಟ್ಟರೆ ಹೆಚ್ಚುಕಡಿಮೆ ವರ್ಷವಿಡೀ ಅದು ನೀರಾಗಿಯೇ ಇರುತ್ತದೆ.

ಮುಟ್ಟಿನ ನಂತರ ಮತ್ತು ಮದುವೆಗೆ ಮುನ್ನ ಮಿಕ್ವೆ ಎಂಬ ಕೊಳದಲ್ಲಿ ಮುಳುಗುವುದು ಕಟ್ಟುಪಾಡು. ಮಳೆನೀರು ಅಥವಾ ಒರತೆಯ ನೀರು ಬೇಕು, ಸಮುದ್ರವೂ ಆಗುತ್ತದೆ. ಮೈಗೂ ನೀರಿಗೂ ನಡುವೆ ಏನೂ ಇರಬಾರದಾದ್ದರಿಂದ ಮೊದಲೇ ಮಿಂದು, ತಲೆ ಬಾಚಿ, ಕ್ರೀಮು, ಉಗುರಿನ ಪಾಲಿಶ್ ಎಲ್ಲ ತೆಗೆಯುತ್ತಾರೆ. 1948ರ ನಂತರ ಬೆನೆ ಇಸ್ರೇಲರಲ್ಲಿ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರೂ ಮದುವೆಯ ಮೆಹಂದಿ ಶಾಸ್ತ್ರವನ್ನು ಬಿಟ್ಟಿಲ್ಲ. ಚರ್ಮದಲ್ಲಿ ಬರಿಯ ಬಣ್ಣವಾಗಿ ಉಳಿಯುವ ಮೆಹಂದಿ ನೀರನ್ನು ತಡೆಯುವುದಿಲ್ಲವೆಂದು ಶಾಸ್ತ್ರಕಾರರು ಅದಕ್ಕೆ ವಿನಾಯಿತಿ ಕೊಟ್ಟಿದ್ದಾರೆ.