ತೋಪು ಎಳೆದವರು

ರಾಯಚೂರು ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಸಿಲು, ಶಕ್ತಿನಗರದ ಕರೆಂಟು, ಮತ್ತೆ ಪಿಯುಸಿ ಇತಿಹಾಸದ ಎರಡು ಅಂಕದ ಪ್ರಶ್ನೆ: 1520, ರಾಯಚೂರು ಯುದ್ಧ, ಕೃಷ್ಣದೇವರಾಯನಿಗೆ ಜಯ. ನನಗೂ ಅಷ್ಟೇ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಗೆಳೆಯನ ಮದುವೆಗೆ ಮಾನ್ವಿಗೆ ಹೋದವನು ಒಂದು ದಿನ ಮೊದಲೇ ರಾಯಚೂರಿನಲ್ಲಿ ಇಳಿದು ಕೋಟೆ ನೋಡಲು ಹೊರಟೆ.

ಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗೂ ಹೆಚ್ಚು, ಒಂದೇ ಚಪ್ಪಡಿ. 1294ರಲ್ಲಿ, ಕಾಕತೀಯರ ಕಾಲದಲ್ಲಿ ಈ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನವಲ್ಲ, ಅಲ್ಲೇ ಕೊರೆದಿರುವ ಒಂದು ಚಿತ್ರ. ಆ ಕಲ್ಲನ್ನು ಇಲ್ಲಿಗೆ ತಂದ ಬಗೆಯನ್ನೇ ಕೊರೆದಿದ್ದಾರೆ! ಉದ್ದನೆಯ ಗಾಡಿ, ಸಾಲು ಸಾಲಾಗಿ ಕೋಣಗಳು, ಅವುಗಳ ಬಾಲ ತಿರುವುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ಮುಂದಕ್ಕೆ ನೂಕುವವರು. ಕೋಟೆ ಕಟ್ಟಿಸಿದವರ ಹೆಸರು ಎಲ್ಲಾ ಕಡೆ ಇರುತ್ತೆ. ಕಲ್ಲು ಎಳೆದವರ ಚಿತ್ರ ಇರೋದು ಅಪರೂಪ.

ಅದನ್ನು ನೋಡಿ ಗುಡ್ಡ ಹತ್ತಿದರೆ ಮೇಲೆ ಒಂದು ತೋಪು ಮಲಗಿದೆ. 20 ಅಡಿಗೂ ಉದ್ದ. ಎಲ್ಲರ ಹಾಗೆ ನಾನೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಆಮೇಲೆ ತಲೆಗೆ ಬಂದ ಪ್ರಶ್ನೆ: ಇದನ್ನು ಇಲ್ಲಿಗೆ ಹತ್ತಿಸಿದ್ದು ಯಾರು? ಹೇಗೆ? ಆ ಪ್ರಶ್ನೆ ಹಿಡಿದು ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯ್ತು. ತೋಪಿನ ಚರಿತ್ರೆ ಅಂದ್ರೆ ಗುಂಡು ಎಷ್ಟು ದೂರ ಹೋಯ್ತು ಅನ್ನೋದಲ್ಲ. ತೋಪು ಎಷ್ಟು ದೂರ ಹೋಯ್ತು ಅನ್ನೋದು.

1520ರ ಮೇ 19. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ಕೃಷ್ಣಾ ನದಿ ದಾಟಿ ಈಚೆ ಬಂದಿದ್ದ. ಈಗಿನ ದೇವದುರ್ಗ ತಾಲೂಕಿನ ಗಬ್ಬೂರಿನ ಆಸುಪಾಸು ಯುದ್ಧ ನಡೆಯಿತು ಎಂದು ಗುರುತಿಸುವವರಿದ್ದಾರೆ. ತಿಂಗಳು ನೋಡಿ: ಮೇ. ಎರೆಭೂಮಿ ಒಣಗಿ ಗಟ್ಟಿಯಾಗಿರುವ ಕಾಲ. ಎರಡು ಮೂರು ವಾರ ತಡವಾಗಿ ಮುಂಗಾರು ಹಿಡಿದಿದ್ದರೆ ಆ ತೋಪಿನ ಗಾಡಿಗಳು ಹೂತುಹೋಗುತ್ತಿದ್ದವು.

ಈ ಯುದ್ಧದ ವಿವರ ಕೊಡುವವನು 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅವನ ಪ್ರಕಾರ ಆದಿಲ್ ಶಾನ ಭರವಸೆಯೆಲ್ಲ ತೋಪಿನ ಮೇಲಿತ್ತು. ವಿಜಯನಗರದ ಪಡೆ ಹತ್ತಿರ ಬಂದಾಗ ಎಲ್ಲವನ್ನೂ ಒಟ್ಟಿಗೆ ಹಾರಿಸಿಬಿಟ್ಟ. ಮುಂದಿನ ಸಾಲು ಚೆಲ್ಲಾಪಿಲ್ಲಿಯಾಯ್ತು. ಆದರೆ ಮತ್ತೆ ಮದ್ದು ತುಂಬಿ ಹಾರಿಸೋಕೆ ಹೊತ್ತು ಬೇಕಲ್ಲ? ಆ ಹೊತ್ತಿನಲ್ಲಿ ರಾಯ ತನ್ನ ಪಡೆಯನ್ನು ನುಗ್ಗಿಸಿದ. ಬಿಜಾಪುರದ ಸೈನ್ಯ ನದಿಯ ಕಡೆ ಓಡಿತು. ತೋಪುಗಳು ಓಡಲಿಲ್ಲ. ಸಣ್ಣವು ಬಿಟ್ಟು 400 ದೊಡ್ಡ ತೋಪು, 900 ಗಾಡಿ ರಾಯನ ಕೈಸೇರಿದವು ಅಂತ ನೂನಿಜ್ ಲೆಕ್ಕ. ಲೆಕ್ಕ ಉಬ್ಬಿಸಿದ್ದಿರಬಹುದು, ಇರಲಿ. 400 ತೋಪಿಗೆ 900 ಗಾಡಿ ಅನ್ನೋದನ್ನು ಗಮನಿಸಿ.

ಆಮೇಲೆ ಕೋಟೆಯ ಸರದಿ. ಅಲ್ಲೂ ದೊಡ್ಡ ತೋಪುಗಳಿದ್ದವು, ಆದರೆ ತೀರಾ ಎತ್ತರದಲ್ಲಿ. ಗೋಡೆಯ ಬುಡಕ್ಕೆ ಬಂದವನ ಮೇಲೆ ಬಾಗಿ ಹೊಡೆಯಲು ಆಗುತ್ತಿರಲಿಲ್ಲ. ರಾಯನ ಸೈನಿಕರು ಬುಡದಲ್ಲಿ ನಿಂತು ಗುದ್ದಲಿಯಿಂದ ಕಲ್ಲು ಕೀಳತೊಡಗಿದರು; ಕಿತ್ತು ತಂದ ಕಲ್ಲಿಗೆ ಇಷ್ಟು ಅಂತ ಹಣವೂ ಇತ್ತು. ಮೇಲಿನಿಂದ ಇಣುಕಿದವರನ್ನು ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ 20 ಮಂದಿ ಬಂದೂಕಿನವರು ಹೊಡೆದರು. ಕೋಟೆಯ ಅಧಿಕಾರಿ ಹಣೆಗೆ ಗುಂಡು ಬಿದ್ದು ಸತ್ತ, ಕೋಟೆ ಶರಣಾಯಿತು. ಒಬ್ಬ ಹೊತ್ತು ಓಡಾಡಬಹುದಾದ ಬಂದೂಕು ಗೆದ್ದಿತ್ತು. ಅಲ್ಲಾಡದ ತೋಪು ಸೋತಿತ್ತು.

ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ಮರುವರ್ಷವೇ ಬಿಜಾಪುರ ರಾಯಚೂರನ್ನು ವಾಪಸ್ ಪಡೆಯಿತು. ಮುಂದಿನ ದಶಕಗಳಲ್ಲಿ ದಖನ್ನಿನ ಕೋಟೆಗಳಲ್ಲಿ ಹೊಸ ಬಗೆಯ ಬುರುಜು ಬಂದವು. ತೋಪನ್ನು ಅಕ್ಕಪಕ್ಕ ತಿರುಗಿಸಿ, ಮೇಲೆ ಕೆಳಗೆ ಬಾಗಿಸಿ ಹೊಡೆಯುವ ಏರ್ಪಾಡು ಬಂತು. ಆ ಕಾಲದ ಉದ್ದನೆಯ ಕಬ್ಬಿಣದ ತೋಪು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ಏರಿಸುತ್ತಿದ್ದರು. ತಣ್ಣಗಾದಾಗ ಬಳೆ ಬಿಗಿಯುತ್ತೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಾರಲ್ಲ, ಅದೇ ವಿದ್ಯೆ.

ಇದ್ದ ಜಾಗದಲ್ಲೇ ತಿರುಗೋದು ಬಂತು ಸರಿ, ಊರಿಂದೂರಿಗೆ ಹೋಗೋದು? ವಿಜಯಪುರದ ಮಲಿಕ್-ಎ-ಮೈದಾನ್ ನೋಡಿರಬಹುದು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1632ರಲ್ಲಿ ಪರಾಂಡಾದಿಂದ ತರಲು 10 ಆನೆ, 400 ಎತ್ತು ಬೇಕಾದವು ಅಂತ ಹೇಳ್ತಾರೆ. ಹೆಸರಿನ ಅರ್ಥ ಮೈದಾನದ ಒಡೆಯ; ಆದರೆ ಒಮ್ಮೆ ಬುರುಜು ಹತ್ತಿದ ಮೇಲೆ ಮೈದಾನಕ್ಕೆ ಇಳಿಯಲೇ ಇಲ್ಲ. 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಹರಾಜು ರದ್ದಾಯ್ತು, ಪುಣ್ಯ.

ಬ್ರಿಟಿಷರಾದರೂ ಇದನ್ನು ಬಿಡಿಸಿದರಾ? 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರರು ಕೋಟೆಗೆಂದು ಫ್ರಾನ್ಸಿನಿಂದ ತರಿಸಿದ್ದ ಭಾರಿ ತೋಪುಗಳನ್ನು ಎತ್ತು ಕಟ್ಟಿ ಗುಡ್ಡಕ್ಕೆ ಎಳೆದು ತಂದರು. ಬ್ರಿಟಿಷರ ಹತ್ತಿರ ಅಷ್ಟು ದೂರ ಹೊಡೆಯುವ ಮೈದಾನದ ತೋಪೇ ಇರಲಿಲ್ಲ. ಹಡಗಿನ ತೋಪುಗಳಿಗೆ ಅವಸರದಲ್ಲಿ ಗಾಲಿ ಕಟ್ಟಿ ತಂದರು. ಆ ಪಾಠದಿಂದ 1905ರಲ್ಲಿ ಬಂದದ್ದು 60 ಪೌಂಡರ್: 27 ಕಿಲೋ ಗುಂಡು, 9 ಕಿಲೋಮೀಟರ್‌ಗೂ ಹೆಚ್ಚು ದೂರ, ತೂಕ ನಾಲ್ಕೂವರೆ ಟನ್ ಹತ್ತಿರ, ಎಳೆಯಲು ಎಂಟು ದೊಡ್ಡ ಕುದುರೆ. ಇದರ ನಳಿಗೆಗೆ ಉಕ್ಕಿನ ತಂತಿಯನ್ನು ಬಿಗಿಯಾಗಿ ಸುತ್ತಿ ಮೇಲೆ ಕವಚ ಹಾಕಿದ್ದರು. ರಾಯಚೂರಿನ ಬಳೆಗಳ ದೂರದ ನೆಂಟ!

ಅದರಲ್ಲಿ ಒಂದು ಜಾಣತನ ಇತ್ತು. ಸಾಗಿಸುವಾಗ ನಳಿಗೆಯನ್ನು ಹಿಂದಕ್ಕೆ ಎಳೆದುಕೊಂಡರೆ ಭಾರ ಮುಂದಿನ, ಹಿಂದಿನ ಗಾಲಿಗಳಿಗೆ ಹಂಚಿಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬೇಗ ಬೇಗ ತಯಾರಿಸಬೇಕು ಅಂತ ಆ ಏರ್ಪಾಡನ್ನು ತೆಗೆದುಹಾಕಿದರು. ಭಾರ ಸುಮಾರು ಒಂದು ಟನ್ ಹೆಚ್ಚಿತು, ಅದೂ ತೋಪಿನ ಗಾಲಿಗಳ ಮೇಲೇ. ಕೆಸರಿನಲ್ಲಿ ಕುದುರೆಗೆ ಜಗ್ಗಲಾಗದೆ ಟ್ರ್ಯಾಕ್ಟರ್ ತರಬೇಕಾಯ್ತು. ಕೊನೆಗೆ ಹಳೆಯ ವಿದ್ಯೆಗೇ ಮರಳಿದರು. ಡೆಡ್‌ಲೈನ್ ಅಂತ ಒಳ್ಳೆಯ ಫೀಚರ್ ಕಿತ್ತುಹಾಕಿ, ಆಮೇಲೆ ವಾಪಸ್ ಹಾಕುವ ಕೆಲಸ ನಮ್ಮ ಆಫೀಸಿನಲ್ಲಿ ಮಾತ್ರ ನಡೆಯುತ್ತೆ ಅಂದುಕೊಂಡಿದ್ದೆ.

ನಮ್ಮ ದೇಶದಲ್ಲಿ ಈ ಎಳೆಯುವ ಕೆಲಸ ಯಾರದ್ದು? ಬ್ರಿಟಿಷರ ಭಾರಿ ತೋಪನ್ನು ರಣರಂಗದ ಅಂಚಿನವರೆಗೆ ಆನೆ ಎಳೆಯುತ್ತಿತ್ತು. ಗುಂಡಿನ ಸದ್ದಿಗೆ ಆನೆ ಬೆದರುತ್ತೆ ಅಂತ ಮುಂದಕ್ಕೆ ಎತ್ತಿನ ಪಾಳಿ. ಮಾವುತ ನಮ್ಮವನು, ಎತ್ತು ಹೊಡೆಯುವವನು ನಮ್ಮವನು. ಹಾರಿಸುವವನು ಮಾತ್ರ ಅಲ್ಲ. 1857ರ ಬಂಡಾಯದ ನಂತರ ಭಾರತೀಯ ಸೈನಿಕರಿಗೆ ಹೇಸರಗತ್ತೆ ಹೊರುವ ಬೆಟ್ಟದ ಸಣ್ಣ ತೋಪುಗಳಷ್ಟೇ ಬಹುಮಟ್ಟಿಗೆ ಉಳಿದದ್ದು. ಮೈದಾನದ ತೋಪು ಭಾರತೀಯರ ಕೈಗೆ ಮತ್ತೆ ಬಂದದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ, ‘ಎ’ ಫೀಲ್ಡ್ ಬ್ರಿಗೇಡ್ ಹುಟ್ಟಿದಾಗ. ಎಳೆಯಲು ನಂಬಿದ್ದರು, ಹಾರಿಸಲು ನಂಬಲಿಲ್ಲ. ಆ ನಂಬಿಕೆಗೆ ಮುಕ್ಕಾಲು ಶತಮಾನ ಬೇಕಾಯ್ತು.

ಮದುವೆ ಮುಗಿಸಿ ಮಾನ್ವಿಯಿಂದ ಹೊರಟಾಗ ಜೋರು ಮಳೆ ನಿಂತಿತ್ತು. ರಸ್ತೆ ಪಕ್ಕದ ಎರೆಹೊಲದಲ್ಲಿ ಟ್ರ್ಯಾಲಿಯೊಂದು ಅಚ್ಚಿನವರೆಗೆ ಹೂತಿತ್ತು. ಟ್ರ್ಯಾಕ್ಟರ್ ಹೊಗೆ ಬಿಡುತ್ತಿತ್ತು, ಗಾಲಿ ನಿಂತಲ್ಲೇ ತಿರುಗುತ್ತಿತ್ತು. ನಾಲ್ಕೈದು ಜನ ಗಾಲಿಯ ಕೆಳಗೆ ಕಟ್ಟಿಗೆ ತುರುಕಿ ಹೆಗಲು ಕೊಡುತ್ತಿದ್ದರು. ನಾನು ಕಾರು ನಿಲ್ಲಿಸಿ ಮೊಬೈಲ್ ಎತ್ತಿದೆ. ಅವರಲ್ಲಿ ಹಿರಿಯರೊಬ್ಬರು ತಿರುಗಿ, “ಫೋಟೋ ಆಮ್ಯಾಲೆ ತಗೀರಿ ಸರ, ಮೊದ್ಲ ಒಂದು ಕೈ ಹಚ್ರಿ” ಅಂದರು.

ಮೊಬೈಲ್ ಜೇಬಿಗೆ ಹಾಕಿ ಇಳಿದೆ. ಟ್ರ್ಯಾಲಿ ಮೇಲೆ ಬರಲು ಅರ್ಧ ಗಂಟೆ ಹಿಡಿಯಿತು. ಮದುವೆಗೆಂದು ಕೊಂಡ ಹೊಸ ಶೂ ಕೆಸರಿನಲ್ಲೇ ಹೋಯ್ತು. ಫೋಟೋ ತೆಗೆಯೋದು ಮರೆತೇಹೋಯ್ತು.